ಒಂಬತ್ತನೆಯ ಪಾಲು

ದಬ್ಬಳದಕ್ಕನ ಬಗ್ಗೆ ನೆರೆಹೊರೆಯವರು ಆಡುತ್ತಿದ್ದ ಮಾತು ಒಂದೇ: "ಆಕೆ ಎದುರಿಗೆ ಬಂದ್ರೆ ದೆವ್ವಾನೂ ಚಪ್ಪಲಿ ಕೈಲಿ ಹಿಡ್ಕೊಂಡು ಓಡುತ್ತೆ." ಹಾಗೆ ಅನ್ನುತ್ತ ಅನ್ನುತ್ತಲೇ ಒಂದು ದಿನ ಆಕೆಯನ್ನು ದೆವ್ವದ ಮನೆಗೆ ಕಳಿಸಿಯೂ ಬಿಟ್ಟರು.

ಆಕೆ ಹಾಸಿಗೆ ಹೊಲಿಯುವವಳು. ಬೀದಿಯಲ್ಲೊಂದು ಪುಟ್ಟ ಅಂಗಡಿಯಲ್ಲಿ ಹತ್ತಿ ಹಿಂಜಿ, ಚೀಲಕ್ಕೆ ತುಂಬಿ, ಗೇಣುದ್ದದ ದಬ್ಬಳದಲ್ಲಿ ಹೊಲಿಗೆ ಹಾಕುವುದು ಕಸುಬು. ಗಂಡ ತೀರಿಹೋದ ಮೇಲೆ ಆ ದಬ್ಬಳವೇ ಮಗಳನ್ನು ಸಾಕಿತು, ಮದುವೆಯನ್ನೂ ಮಾಡಿತು. ಊರೆಲ್ಲ ಆಕೆ ಹೊಲಿದ ಹಾಸಿಗೆಯ ಮೇಲೆ ಮಲಗಿದರೆ, ಆಕೆ ತಗಡಿನ ಶೆಡ್ಡಿನಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದಳು.

ಸಾಲಾಗಿದ್ದ ಆ ಶೆಡ್ಡುಗಳಲ್ಲಿ ಆಕೆಯದೊಂದು, ಮಗಳದೊಂದು ಸೇರಿ ಎಂಟು ಸಂಸಾರ. ಮಳೆಗಾಲ ಮುಗಿಯುವಷ್ಟರಲ್ಲಿ ಖಾಲಿ ಮಾಡಿ ಎಂದ ಜಾಗದ ಮಾಲೀಕ. ಎಲ್ಲರೂ ಸೇರಿ ಒಂದು ಕಟ್ಟಡವನ್ನೇ ಕೊಳ್ಳೋಣ ಎಂದು ಹೊರಟರೆ, ಬ್ಯಾಂಕಿನವರು ಸಂಬಳದ ಚೀಟಿ ಕೇಳಿದರು. ಹಾಸಿಗೆ ಹೊಲಿಯುವವಳಿಗೆ ಸಂಬಳದ ಚೀಟಿ ಕೊಡುವವರು ಯಾರು? ಆಗ ಅವರಲ್ಲೊಬ್ಬನಾದ ಬಸ್ ಕಂಡಕ್ಟರ್, ಬೀದಿಯ ಅಂಗಡಿಯವರನ್ನೂ ತನ್ನ ಡಿಪೋದವರನ್ನೂ ಕಾಡಿ ಬೇಡಿ, ಬಡ್ಡಿಯಿಲ್ಲದ ಕೈಸಾಲವನ್ನು ಹನಿಹನಿಯಾಗಿ ಕೂಡಿಸಿದ. ಎಷ್ಟು ಕೂಡಿಸಿದರೂ ಕಟ್ಟಡದ ಅರ್ಧ ಬೆಲೆ ದಾಟಲಿಲ್ಲ.

ಅರ್ಧ ಬೆಲೆಗೆ ಸಿಗುವ ಕಟ್ಟಡ ಅಲ್ಲಿ ಒಂದೇ ಇತ್ತು. ಎರಡು ಅಂತಸ್ತು, ಎಂಟು ಕೋಣೆ, ಯಾರೂ ಇಲ್ಲದ ಮಹಡಿಯಲ್ಲಿ ಪೊರಕೆಯ ಸದ್ದು. ಹಳೆಯ ಯಜಮಾನ ತನ್ನ ಕೆಲಸದಾಕೆಗೆ, "ಮಹಡಿ ಹಿಂದಿನ ಕೋಣೆ ನಿಂದೇ ಕಣೇ" ಅನ್ನುತ್ತಲೇ ಆಯುಷ್ಯವೆಲ್ಲ ದುಡಿಸಿಕೊಂಡನಂತೆ. ಕೋಣೆ ಮಾತಿನಲ್ಲೇ ಉಳಿಯಿತು. ಮೆಟ್ಟಿಲ ಕೆಳಗೆ ಮಲಗುತ್ತಿದ್ದವಳು ಅಲ್ಲೇ ಸತ್ತಳಂತೆ. ಯಜಮಾನನ ಮೊಮ್ಮಕ್ಕಳಿಗೆ ಮನೆ ಮಾರಿ ಕೈ ತೊಳೆದುಕೊಂಡರೆ ಸಾಕಾಗಿತ್ತು.

"ಬ್ಯಾಂಕು ಕೊಡದ ಸಾಲಾನ ದೆವ್ವ ಕೊಡ್ತಿದೆ, ಬೇಡ ಅನ್ನೋಕಾಗುತ್ತಾ?" ಎಂದ ಕಂಡಕ್ಟರ್.

ಕೈಸಾಲ ಕೊಟ್ಟವರು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಕೊಳ್ಳುವ ಮೊದಲು ಯಾರಾದರೂ ಮಳೆಗಾಲವಿಡೀ ಅಲ್ಲಿದ್ದು ತೋರಿಸಲಿ, ಜನ ಹೆದರಿ ಬಿಟ್ಟುಹೋಗುವ ಮನೆಗೆ ನಮ್ಮ ದುಡ್ಡಿಲ್ಲ ಎಂದರು. ಎಲ್ಲರ ಕಣ್ಣೂ ದಬ್ಬಳದಕ್ಕನ ಮೇಲೆ ಬಿತ್ತು.

ಮೊದಲ ದಿನ ಮಧ್ಯಾಹ್ನವೇ ಮೇಲೆ ಸರ್ ಸರ್ ಎಂದು ಗುಡಿಸುವ ಸದ್ದು. ಕೆಳಗೆ ಹೊಲಿಯುತ್ತ ಕೂತವಳು ತಲೆಯೆತ್ತದೆ, "ಗುಡಿಸೋದಾದ್ರೆ ಮೂಲೆ ಬಿಡ್ಬೇಡಮ್ಮ," ಎಂದಳು. ಸದ್ದು ನಿಂತಿತು. ಆಮೇಲೆ ಮೂಲೆಯಿಂದ ಶುರುವಾಯಿತು. ಆಗ ಆಕೆ ದಾರ ಕೆಳಗಿಟ್ಟು, ಎದ್ದು ಹೋಗಿ ಬೀದಿಬಾಗಿಲನ್ನು ಪೂರಾ ತೆರೆದಿಟ್ಟಳು.

ಬರಬರುತ್ತ ಭಯ ಹೋಯಿತು. ಅದಕ್ಕಿಂತ ಭಾರವಾದದ್ದು ಬಂತು. ಆಕೆ ಮಲಗುತ್ತಿದ್ದುದು ಆ ಹಿಂದಿನ ಕೋಣೆಯಲ್ಲೇ. ಪೊರಕೆ ದಿನವೂ ಪಡಸಾಲೆಯುದ್ದಕ್ಕೂ ಬಂದು ಅದರ ಹೊಸ್ತಿಲಲ್ಲಿ ನಿಲ್ಲುತ್ತಿತ್ತು. ಅಪ್ಪಣೆಗೆ ಕಾದು ನಿಂತವರ ಉಸಿರು ಬಾಗಿಲಾಚೆ ಎಷ್ಟೋ ಹೊತ್ತು ಕೇಳುತ್ತಿತ್ತು. ದೊಡ್ಡವರ ಮನೆಗೆ ಹಾಸಿಗೆ ಹೊತ್ತುಕೊಂಡು ಹೋಗಿ, "ಅಲ್ಲೇ ನಿಲ್ಲು" ಅನ್ನಿಸಿಕೊಂಡು ತಾನೂ ಹೀಗೆಯೇ ನಿಂತದ್ದು ಆಕೆಗೆ ನೆನಪಾಗುತ್ತಿತ್ತು. ಬೀದಿಯವರು ಕೇಳಿದರೆ ಮಾತ್ರ, "ದೆವ್ವಾನೂ ಇಲ್ಲ ಏನೂ ಇಲ್ಲ, ಹೆಗ್ಗಣ" ಎಂದುಬಿಡುತ್ತಿದ್ದಳು.

ಮಳೆ ಹಿಂದಾಯಿತು. ಮನೆ ಕೊಳ್ಳುವ ದಿನ ಹತ್ತಿರ ಬಂದಾಗ, ಮಗಳು ಕೂಸನ್ನೆತ್ತಿಕೊಂಡು ತನ್ನ ಪಾಲಿನ ಕೋಣೆ ನೋಡಲು ಬಂದಳು.

"ಅಮ್ಮ, ಮೇಲೆ ಯಾರು ಗುಡಿಸ್ತಿರೋದು?"

"ಇನ್ಯಾರು, ನಾನೇ."

"ನೀನು ನನ್ನೆದುರಿಗೇ ಕೂತಿದೀಯಲ್ಲಮ್ಮ."

ಮಗಳು ಕೂಸಿನೊಂದಿಗೆ ಬಾಗಿಲಿಗೆ ಸರಿದಳು. "ಕೂಸನ್ನ ಇಲ್ಲಿ ಮಲಗಿಸಲ್ಲ ನಾನು. ತಗಡೇ ಸಾಕು."

"ತಗಡೂ ಇರಲ್ಲ ಕಣೇ. ನೀನು ಬಾಯಿ ಬಿಟ್ರೆ ಎಂಟು ಮನೇನೂ ಬೀದಿಗೆ ಬೀಳುತ್ತೆ. ಸುಮ್ನಿರು, ನಾನು ನೋಡ್ಕೋತೀನಿ."

ಆಕೆ ನೇರ ಕಂಡಕ್ಟರನ ಬಳಿಗೆ ಹೋದಳು. "ಮಹಡೀಲಿ ಗುಡಿಸೋಳಿಗೂ ಒಂದು ಕೋಣೆ ಬಿಡ್ಬೇಕಪ್ಪ."

"ಎಂಟು ಮನೆ, ಎಂಟು ಕೋಣೆ, ಅಕ್ಕಾ. ಸತ್ತವಳನ್ನ ಹತ್ತಿಸ್ಕೊಂಡ್ರೆ ಬದುಕಿದ್ದೋರಲ್ಲಿ ಯಾರನ್ನ ಇಳಿಸ್ಲಿ?"

"ನನ್ನನ್ನ."

"ತಲೆ ಕೆಟ್ಟಿದೆಯಾ ನಿನಗೆ?"

"ಬೆಲೇನ ಅರ್ಧಕ್ಕೆ ಇಳಿಸಿದ್ದು ಯಾರು, ನೀನಾ? ಎಲ್ಲರಿಗಿಂತ ದೊಡ್ಡ ಪಾಲು ಅವಳದ್ದೇ. ನನ್ನ ಅಂಗಡಿ ಹಿಂದೆ ಹತ್ತಿ ಮೂಟೆ ಇಡೋ ಜಾಗ ಇದೆ. ಒಂದು ಮೂಟೆ ಹೆಚ್ಚಾಯ್ತು ಅಂದ್ಕೋತೀನಿ."

ಕಂಡಕ್ಟರ್ ಪಾಲಿನ ಪಟ್ಟಿ ತೆಗೆದು, ಹಿಂದಿನ ಕೋಣೆಯ ಎದುರಿಗಿದ್ದ ಆಕೆಯ ಹೆಸರನ್ನು ಹೊಡೆದುಹಾಕಿದ.

ಮನೆ ಕೊಳ್ಳುವ ಹಿಂದಿನ ದಿನ ಮಧ್ಯಾಹ್ನ ಆಕೆ ಹಿಂದಿನ ಕೋಣೆಯಲ್ಲಿ ಹೊಸ ಹಾಸಿಗೆ ಹಾಸಿದಳು. ತನಗಾಗಿ ಎಂದೂ ಹೊಲಿದುಕೊಳ್ಳದಷ್ಟು ದಪ್ಪ ಹಾಸಿಗೆ. ಚಾಪೆ ಸುತ್ತಿಕೊಂಡು ಕಾದಳು. ಪೊರಕೆ ಬಂತು, ಹೊಸ್ತಿಲಲ್ಲಿ ನಿಂತಿತು.

"ಒಳಗೆ ಬಾರಮ್ಮ. ನಿಂತಿದ್ದು ಸಾಕು. ಇದು ನಿಂದು."

ಆಮೇಲೆ ಆಕೆಯ ತೋಳಿಗೆ ತಣ್ಣಗೆ ಏನೋ ಸವರಿ ಒಳಗೆ ಹೋಯಿತು. ದಬ್ಬಳದಕ್ಕ ಹೊರಗೆ ಬಂದಳು. ಬೆನ್ನ ಹಿಂದೆ ಹೊಸ ಹತ್ತಿ ಮೈಭಾರಕ್ಕೆ ಮೆಲ್ಲಗೆ ಕುಗ್ಗುವ ಸದ್ದು ಕೇಳಿತು. ಆ ಸದ್ದು ಆಕೆಗೆ ಗೊತ್ತಿಲ್ಲದ್ದಲ್ಲ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ತುಕ್ಕು ಹಿಡಿದ ಅಗುಳಿ ಒಳಗಿನಿಂದ ಬಿತ್ತು.

ಮೆಟ್ಟಿಲ ಬುಡದಲ್ಲಿ ಮಗಳು ಕೂಸನ್ನು ಅವಚಿಕೊಂಡು ನಿಂತಿದ್ದಳು. "ಏನಂತಮ್ಮ?"

"ಮಲಗಿದಾಳೆ. ನಾಳೆ ಸಾಮಾನು ತಗೊಂಡು ಬಾ. ಆ ಬಾಗಿಲು ಮಾತ್ರ ಬಡಿಬೇಡಿ."

ಕೂಸಿನ ಕೆನ್ನೆ ಮುಟ್ಟಿ, ಚಾಪೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಆಕೆ ಬೀದಿಗಿಳಿದಳು. ಕೊಟ್ಟ ಕೋಣೆ ಕೊಟ್ಟದ್ದೇ ಎಂದು, ಆ ಮನೆಯೊಳಕ್ಕೆ ಮತ್ತೆ ಕಾಲಿಡಲಿಲ್ಲ.