ಮಡುವಿಗೆ ಇಳಿದು ನಿಂತ ಹಜೀರಾಬೀ

ಪೂರ್ವದ ಕೆಂಪು ಇನ್ನೂ ನೀರಿಗೆ ಇಳಿದಿಲ್ಲ. ಹರಿಹರದ ಸೇತುವೆಯಿಂದ ಒಂದಿಷ್ಟು ಕೆಳಗೆ, ತುಂಗಭದ್ರೆಯ ಬಂಡೆಗಳ ಮೇಲೆ ಹಜೀರಾಬೀ ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಒಂದು ಕಡೆ ಥಟ್ಟನೆ ಬಗ್ಗುತ್ತಾರೆ. ಮರಳಿನ ಮೇಲೆ ಬೂಟಿನ ಗುರುತು, ಪಕ್ಕದಲ್ಲಿ ಸೇದಿ ಎಸೆದ ಬೀಡಿ. ಮುಟ್ಟಿ ನೋಡುತ್ತಾರೆ. ತುದಿ ಇನ್ನೂ ಬೆಚ್ಚಗಿದೆ.

“ಯಾರು ಅಲ್ಲಿ?”

ಬಂಡೆಯ ಮರೆಯಿಂದ ಒಬ್ಬ ಆಸಾಮಿ ಎದ್ದು ನಿಲ್ಲುತ್ತಾನೆ. ಹೆಗಲಲ್ಲಿ ಚೀಲ.

“ಸೇತುವೆಗೆ ಬಣ್ಣ ಬಳಿಯೋರ್ರಿ. ಮುಖ ತೊಳ್ಯಾಕ ಬಂದಿದ್ದೆ.”

“ಚೀಲದಾಗೆ ಏನೈತೆ?”

“ರೊಟ್ಟಿ.”

ಹಜೀರಾಬೀ ಚೀಲ ಬಿಚ್ಚಿಸಿ ನೋಡಿಯೇ ಬಿಡುತ್ತಾರೆ. ರೊಟ್ಟಿಯೇ. ಆತ ಗೊಣಗುತ್ತಾ ಹೋದ ಮೇಲೂ ಅವರು ಬಂಡೆಗಳ ಸಂದಿಯನ್ನೆಲ್ಲ ಇಣುಕುತ್ತಲೇ ಇರುತ್ತಾರೆ.

“ಬೇಸಿಗೆ ಬಂತಂದ್ರೆ ನನಗೆ ಹಿಂಗೇರಿ,” ಎನ್ನುತ್ತಾರೆ. “ಹೊಳೆ ಬತ್ತಿ ಮೀನೆಲ್ಲ ಈ ಮಡುವಿಗೆ ಬಂದು ಸೇರ್ತಾವೆ. ಇಲ್ಲೊಂದು ಮದ್ದು ಸಿಡಿಸಿದ್ರೆ ಮರಿ, ಮೊಟ್ಟೆ ಏನೂ ಉಳಿಯಂಗಿಲ್ಲ.”

ಐವತ್ತು ದಾಟಿರುವ ಈ ಹೆಂಗಸಿನ ಮನೆ ದಂಡೆಯ ಓಣಿಯಲ್ಲಿದೆ. ಮುಂದಿನ ಕೋಣೆಯೇ ಒಂದು ಪುಟ್ಟ ಸಂಗ್ರಹಾಲಯ. ಗೋಡೆಗೆ ಒರಗಿದ ಸೀಳುಬಿದಿರಿನ ಗಾಳದ ಕೋಲುಗಳು, ಗಾಳದ ದಾರ ಸುತ್ತುವ ಹಿತ್ತಾಳೆಯ ರಾಟೆಗಳು, ಎಲೆಅಡಿಕೆ ಡಬ್ಬಿಯ ತುಂಬ ಗರಿಗಾಳಗಳು. ಗರಿಗಾಳವೆಂದರೆ ಕೊಕ್ಕೆಗೆ ಹಕ್ಕಿಯ ಗರಿಯನ್ನು ರೇಷ್ಮೆ ಎಳೆಯಿಂದ ಕಟ್ಟಿದ್ದು. ಹಗುರಾಗಿ ನೀರಿನ ಮೇಲೆ ಬೀಸಿದರೆ ನೊಣ ಕೂತಂತೆ ಕಾಣುತ್ತದೆ, ಮೀನು ಮೇಲೆದ್ದು ಹಾರುತ್ತದೆ. ರೈಲ್ವೆಯ ಇಂಗ್ಲಿಷ್ ಅಧಿಕಾರಿಯೊಬ್ಬರಿಗೆ ಈ ಹುಚ್ಚಿತ್ತು. ಅವರ ದೋಣಿ ನಡೆಸುತ್ತಿದ್ದವರು ಹಜೀರಾಬೀಯ ಗಂಡ ಜಮಾಲುದ್ದೀನ್. ಗರಿ ಕಟ್ಟುತ್ತಿದ್ದವರು ಸ್ವತಃ ಹಜೀರಾಬೀ. ಇಪ್ಪತ್ತೈದು ವರ್ಷದ ಹಿಂದೆ ದೇಶ ಸ್ವತಂತ್ರವಾದಾಗ ಅಧಿಕಾರಿ ಸಾಮಾನನ್ನೆಲ್ಲ ಜಮಾಲುದ್ದೀನರ ಕೈಗಿತ್ತು ಹಡಗು ಹತ್ತಿದರು. ಕೆಲವು ವರ್ಷಕ್ಕೆ ಜಮಾಲುದ್ದೀನರೂ ಜ್ವರದಲ್ಲಿ ತೀರಿಕೊಂಡರು.

“ಕೋಲು ಮುರಿದು ಒಲೆಗೆ ಹಾಕು ಅಂದ್ರು ನಮ್ಮೋರೇ. ಮನಸ್ಸು ಬರಲಿಲ್ಲ. ಬಸುರಿ ಮೀನು ಹಿಡೀಬ್ಯಾಡ, ಮರಿ ಸಿಕ್ರೆ ವಾಪಸ್ ಬಿಡು ಅಂತಿದ್ರು ನಮ್ಮ ಯಜಮಾನ್ರು. ಆ ಮಾತನ್ನೂ ಒಲೆಗೆ ಹಾಕಾಕ ಆಗ್ತೈತೇನ್ರಿ?”

ಸಂಗ್ರಹಾಲಯ ಬೆಳೆದದ್ದು ದಾವಣಗೆರೆಯ ಪಿ.ಜೆ. ಬಡಾವಣೆಯ ಶಿಕ್ಷಕಿ ಸರ್ವಮಂಗಳಮ್ಮನವರಿಂದ. ಒಮ್ಮೆ ಹೊಳೆ ನೋಡಲು ಬಂದವರು ಈ ಕೋಣೆಯನ್ನು ಕಂಡು, ಮುಂದಿನ ಸಲ ತಮ್ಮ ಶಾಲೆಯ ಹುಡುಗಿಯರನ್ನೇ ರೈಲು ಹತ್ತಿಸಿಕೊಂಡು ಬಂದರು. ಹಜೀರಾಬೀ ಆ ಹುಡುಗಿಯರಿಗೆ ಗರಿ ಕಟ್ಟುವುದನ್ನು ಕಲಿಸುತ್ತಾರೆ. ಕೊಕ್ಕೆಯ ಮುಳ್ಳನ್ನು ಅರದಿಂದ ಉಜ್ಜಿ ಮೊಂಡು ಮಾಡಿ ಮಡುವಿಗೆ ಬೀಸುತ್ತಾರೆ. ಬೆಳ್ಳಿಯಂತೆ ಮೀನು ನೆಗೆಯುತ್ತದೆ, ಯಾವುದೂ ಸಿಕ್ಕಿಕೊಳ್ಳುವುದಿಲ್ಲ. ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಚಪ್ಪಾಳೆಗೆ ಮೊದಲೇ ಜೀಪಿನ ಸದ್ದು ಕೇಳಿತು. ಹುಡುಗಿಯರು ಆಗಷ್ಟೇ ದಂಡೆಯಲ್ಲಿ ಕೂತಿದ್ದರು. ಎದುರಿನ ಬಂಡೆಯ ಮೇಲೆ ಕಲ್ಲುಕ್ವಾರಿಯ ಮೂವರು ನಿಂತಿದ್ದರು, ಬುಟ್ಟಿಯ ಜೊತೆ. ಒಬ್ಬನ ಕೈಯಲ್ಲಿ ಸಿಡಿಮದ್ದು. ಅವನು ಪಕ್ಕದ ಓಣಿಯ ಶಬ್ಬೀರ್, ಹಜೀರಾಬೀಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾ ಕಣ್ಣೆದುರೇ ಬೆಳೆದವನು.

“ಬ್ಯಾಡ್ರೋ! ಮಕ್ಕಳಿದಾವೆ!” ಹಜೀರಾಬೀ ಕೂಗಿದರು.

“ಮಕ್ಕಳನ್ನ ಕರ್ಕೊಂಡು ಮನೆಗ್ ಹೋಗು,” ಎಂದ ಕ್ವಾರಿಯ ಮೇಸ್ತ್ರಿ.

ಹಜೀರಾಬೀ ಕೋಲು ಕೆಳಗಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗೆ ಇಳಿದರು. ಮೊಣಕಾಲು, ಸೊಂಟ, ಎದೆ. ಅಲ್ಲಿ ನಿಂತರು.

“ಈಗ ಹಾಕ್ರಿ ನೋಡೋಣ!”

ಬತ್ತಿಗೆ ಆಗಲೇ ಬೆಂಕಿ ತಗುಲಿದ್ದು ಅವರಿಗೆ ಗೊತ್ತಿರಲಿಲ್ಲ. ಮದ್ದು ಹಿಡಿದಿದ್ದ ಶಬ್ಬೀರನಿಗೆ ಗೊತ್ತಿತ್ತು. “ಹಾಕೋ ಲೇ!” ಎಂದು ಮೇಸ್ತ್ರಿ ಅವನ ಬೆನ್ನಿಗೆ ಗುದ್ದುತ್ತಿದ್ದ.

“ಖಾಲಾ, ತಲೆ ಬಗ್ಗಿಸ್ರಿ!” ಎಂದು ಶಬ್ಬೀರ್ ಕಿರುಚಿ, ತಿರುಗಿ, ಮದ್ದನ್ನು ಬಂಡೆಯ ಹಿಂದಿನ ಒಣ ಹಳ್ಳಕ್ಕೆ ಎಸೆದ.

ನೆಲ ನಡುಗಿತು. ಕಲ್ಲಿನ ಚೂರುಗಳು ನೀರಿಗೆ ಮಳೆಯಂತೆ ಸುರಿದವು. ಒಂದು ಚೂರು ಹಜೀರಾಬೀಯ ಎಡಗಿವಿಯನ್ನು ಸೀಳಿಕೊಂಡು ಹೋಯಿತು. ಈಜು ಬಾರದ ಸರ್ವಮಂಗಳಮ್ಮ ಹಿಂದುಮುಂದು ನೋಡದೆ ನೀರಿಗೆ ಧುಮುಕಿ ಅವರನ್ನು ಎಳೆದು ತಂದರು. ಜೀಪು ಪರಾರಿಯಾಗಿತ್ತು. ಶಬ್ಬೀರ್ ಮಾತ್ರ ಬಂಡೆಯ ಮೇಲೆ ಕುಸಿದು ಕೂತಿದ್ದ.

“ಹುಡುಗೇರು ಅಳ್ತಿದ್ರು. ನನಗೆ ಏನೂ ಕೇಳಿಸ್ತಿರಲಿಲ್ಲ, ಬಾಯಿ ಆಡೋದಷ್ಟೇ ಕಾಣ್ತಿತ್ತು,” ಎನ್ನುತ್ತಾರೆ ಹಜೀರಾಬೀ. “ನಾನು ತಿರುಗಿ ಮಡು ನೋಡಿದೆ. ಒಂದು ಮೀನೂ ಹೊಟ್ಟೆ ಮೇಲಾಗಿ ತೇಲಿರಲಿಲ್ಲ. ಆಮ್ಯಾಲೆ ನನಗೂ ಅಳು ಬಂತ್ರಿ.”

ಎಡಗಿವಿ ಮತ್ತೆ ಕೇಳಲಿಲ್ಲ. ಕ್ವಾರಿಯವರ ಸೇಡಿಗೆ ವಾರವಿಡೀ ಮನೆಯ ಹೆಂಚಿನ ಮೇಲೆ ಕಲ್ಲು ಬಿದ್ದವು. ಹೆದರಿದ ಕೆಲವು ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸಿದರು. ಆಗ ಅದೇ ಹೊಳೆಯಲ್ಲಿ ಬೀಸುಬಲೆ ಹಾಕುವ ಮೀನುಗಾರ ಹನುಮಂತಪ್ಪ ತನ್ನವರನ್ನು ಕರೆತಂದು ಹಜೀರಾಬೀಯ ಜಗಲಿಯಲ್ಲಿ ಕೂತ. “ನಿಮಗೊಬ್ಬರಿಗೇ ಏನು ಹೊಳೆ? ನಾವೂ ಸರದಿ ಮ್ಯಾಲೆ ಮಡು ಕಾಯ್ತೀವಿ,” ಎಂದ. ಕಲ್ಲು ಬೀಳುವುದು ನಿಂತಿತು. ಆದರೂ ಬೆಳಗಿನ ಸರದಿಯನ್ನು ಹಜೀರಾಬೀ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಕ್ವಾರಿ ಬಿಟ್ಟ ಶಬ್ಬೀರ್ ಬಹಳ ದಿನ ಬಾಗಿಲ ಹೊರಗೇ ನಿಂತು ಹೋಗುತ್ತಿದ್ದ. ಒಂದು ದಿನ ಹಜೀರಾಬೀ ಅವನ ಕೈಗೆ ಅರ ಕೊಟ್ಟು, ಒಳಗೆ ಕೂರಿಸಿದರು. ಕೊಕ್ಕೆ ಮೊಂಡು ಮಾಡುವ ಕೆಲಸ ಈಗ ಅವನದು.

ಏನು ಬೇಕು ನಿಮಗೆ ಎಂದು ಕೇಳಿದರೆ ಹಜೀರಾಬೀ ಡಬ್ಬಿಯ ಗರಿಗಳತ್ತ ಕೈ ತೋರಿಸುತ್ತಾರೆ. ಬಾಗಿಲಿರುವ ಒಂದು ಗಾಜಿನ ಬೀರು ಸಿಕ್ಕರೆ ಸಾಕಂತೆ, ಇಲಿಗಳು ಗರಿ ಕಡಿಯುತ್ತಿವೆ. ಮತ್ತೆ ತಾವೇ ನಗುತ್ತಾರೆ.

“ಮ್ಯೂಸಿಯಂ ಅಂತ ಬೋರ್ಡ್ ಹಾಕಿಸೋಣ ಅಂತಾರೆ ಟೀಚರಮ್ಮ. ಬ್ಯಾಡ ಅಂದೀನಿ. ಮ್ಯೂಸಿಯಂ ಅಂದ್ರೆ ಮುಗಿದುಹೋದ ಸಾಮಾನು ಇಡೋ ಜಾಗ ಅಲ್ಲೇನ್ರಿ? ನಮ್ಮ ಮೀನು ಇನ್ನೂ ಮಡುವಿನಾಗೇ ಐತಲ್ಲ.”