ಪಕ್ಕದ ಮನೆಯ ಕರುವಿನ ಮುಂಗಾಲು

ಟಪ್. ಆಮೇಲೆ ಸಿಮೆಂಟಿನ ಮೇಲೆ ಏನೋ ಜಾರಿದಂತೆ ಸರ್ರ್. ಮತ್ತೆ ಟಪ್. ನಮ್ಮ ಹಿತ್ತಲ ಗೋಡೆಯಾಚೆ ಪಕ್ಕದ ಮನೆಯವಳ ಕೊಟ್ಟಿಗೆ. ಆ ಬೆಳಿಗ್ಗೆ ಅಲ್ಲಿಂದ ಬರುತ್ತಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅವಳು ಬಿಸಿ ಗಿಣ್ಣಿನ ಬಟ್ಟಲು ಹಿಡಿದು ಬಾಗಿಲಿಗೆ ಬಂದಾಗಲೂ ಅದು ಕೇಳುತ್ತಲೇ ಇತ್ತು.

"ಎಣ್ಗರ ಅಕ್ಕೋರೆ! ನಿಮ್ದೂ ಸೇರಿ ಏಳ್ ಮನೆಗಾಯ್ತು."

ಅವಳ ಹಸು ಹೆಣ್ಣುಗರು ಹಾಕಿತ್ತು. ಹಸು ಈದರೆ ಮೊದಲ ಹಾಲಿನ ಗಿಣ್ಣು ಕ್ಯಾತನಹಳ್ಳಿಯ ನಮ್ಮ ಬೀದಿಯಲ್ಲಿ ಮನೆಮನೆಗೂ ಹೋಗಬೇಕು. ಇಲ್ಲದಿದ್ದರೆ ಕೆಚ್ಚಲಿಗೆ ದೃಷ್ಟಿಯಾಗುತ್ತದಂತೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ನಾನು ಇದನ್ನೆಲ್ಲ ಸೂಪರ್‌ಸ್ಟಿಷನ್ ಅನ್ನುತ್ತಿದ್ದೆ. ಗಿಣ್ಣನ್ನು ಮಾತ್ರ ಎಂದೂ ಬೇಡವೆಂದವಳಲ್ಲ. ಎರಡು ಚಮಚ ತಿಂದ ಮೇಲೆ, "ಅದೇನೇ ಸದ್ದು?" ಎಂದೆ.

ಅವಳ ಮುಖ ಇಳಿಯಿತು. "ಕರ ಏಳಾಕಾಯ್ತಿಲ್ಲ. ಮುಂಗಾಲು ಮಡಚ್ಕಂಡೇ ಉಟ್ಟದೆ. ನಮ್ಮವ್ವ ಕೊಟ್ಟಿದ್ದ ಅಸೀನ ತಳಿ ಅಕ್ಕೋರೆ, ಈ ಮುದಿ ಅಸೀಗೆ ಇದೇ ಕಡೇ ಕರ. ಇದೂ ಓದ್ರೆ ಮುಗೀತು."

ಮಧ್ಯಾಹ್ನ ದನದ ಡಾಕ್ಟರು ಬಂದರು. ಕರು ಗೊರಸಿನ ಮೇಲಲ್ಲ, ಮಡಚಿದ ಕಾಲ್ಗಂಟಿನ ಮೇಲೆ ಏಳಲು ನೋಡಿ ಕುಸಿಯುತ್ತಿತ್ತು. ಅವರು ಕಾಲನ್ನು ಅಂಗೈಯಲ್ಲಿ ಒತ್ತಿ ನೆಟ್ಟಗೆ ಮಾಡಿದರು.

"ಕೈಗೆ ಬಗ್ತದೆ, ಸರಿಹೋಗ್ತದೆ. ಗಿಣ್ಣಾಲು ಎಷ್ಟು ಕುಡಿಸ್ದೆ?"

"ನಿಂತ್ಕಂಡ್ರೆ ತಾನೆ ಕುಡಿಯಾದು? ಬೆರಳಲ್ಲಿ ಒಸಿ ನೆಕ್ಸಿವ್ನಿ."

"ಬೀದಿಗೆಲ್ಲ ಊಟ ಆಕ್ಬುಟ್ಟು ಮಗೀನ ಉಪಾಸ ಕೆಡವಿದೀಯಲ್ಲ ತಾಯಿ! ಇವತ್ತು ಅದು ಒಟ್ಟೆಗೆ ಓಗ್ದಿದ್ರೆ ಕಾಯ್ಲೆ ತಡ್ಕಳೋ ಶಕ್ತಿನೇ ಬರಕಿಲ್ಲ. ಕೀಲಿಗೆ ಕೀವು ಸೇರ್ಕಂಡ್ರೆ ಕಾಲು ಕಟ್ಟಿ ಏನ್ ಮಾಡ್ಲಿ?"

ಅವಳು ನನ್ನನ್ನು ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಗಿಲ್ಟಿ ಎನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕೋ, ನನಗೆ ಇವತ್ತಿಗೂ ಸರಿಯಾದ ಮಾತು ಸಿಕ್ಕಿಲ್ಲ.

ಕೆಚ್ಚಲಲ್ಲಿ ಮತ್ತೆ ಇಳಿದಿದ್ದಷ್ಟನ್ನೂ ಕರೆದು ಬಾಟಲಿಯಲ್ಲಿ ಕುಡಿಸಿದೆವು. ಕಬ್ಬಿನ ಗದ್ದೆಯಲ್ಲಿ ಮಿಕ್ಕಿದ್ದ ಪೈಪನ್ನು ಡಾಕ್ಟರು ಉದ್ದಕ್ಕೆ ಸೀಳಿ, ಒಳಗೆ ದಪ್ಪ ಹತ್ತಿಯಿಟ್ಟು, ಕಾಲಿಗೆ ಆಸರೆಯಾಗಿ ಆನಿಸಿ ಬ್ಯಾಂಡೇಜ್ ಸುತ್ತಿದರು. ದಿನಾ ಬಿಚ್ಚಿ, ನೀವಿ, ಮತ್ತೆ ಕಟ್ಟಬೇಕು; ಬಿಗಿಯಾದರೆ ಚರ್ಮ ಕೊಳೆಯುತ್ತದೆ ಎಂದರು. ದಿನವೂ ಕಾಫಿ ಮುಗಿಸಿ ಗೋಡೆ ಬಳಸಿ ಹೋಗುತ್ತಿದ್ದೆ. ತಲೆ ಹಿಡಿಯುವ ಕೆಲಸ ನನ್ನದು. ಹೋಗುತ್ತಿದ್ದುದು ಕರುವಿನ ಮೇಲಿನ ಅಕ್ಕರೆಗೋ, ಆ ಎರಡು ಚಮಚಕ್ಕೋ? ಆನೆಸ್ಟ್ಲಿ, ಗೊತ್ತಿಲ್ಲ.

ಆರನೆಯ ದಿನ ಪಟ್ಟಿ ಬಿಚ್ಚಿದಾಗ ಕರು ನಡುಗುತ್ತಾ ಗೊರಸೂರಿ ನಿಂತಿತು. ಎರಡು ಹೆಜ್ಜೆ ಇಟ್ಟು ತಾಯಿಯ ಕೆಚ್ಚಲಿಗೆ ಗುದ್ದಿತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ಅಕ್ಕೋರೆ, ಇನ್ನಾದ್ರೂ ನನ್ ಬಟ್ಲು ವಾಪಸ್ ಕೊಟ್ಬುಡಿ" ಎಂದಳು. ಇಬ್ಬರೂ ನಕ್ಕೆವು.

ಎರಡು ವರ್ಷದ ಮೇಲೆ ಕೆ.ಆರ್.ಎಸ್.ನಲ್ಲಿ ಅವಳ ಮಗಳು ಸಣ್ಣ ಹೋಟೆಲಿಟ್ಟಾಗ, ಹಾಲಿಗಾಗುತ್ತದೆಂದು ಇವಳೂ ಅಲ್ಲಿಗೆ ಹೊರಟಳು. ಮುದಿ ಹಸು ಅಷ್ಟರಲ್ಲಿ ತೀರಿಕೊಂಡಿತ್ತು. ಆ ಕರುವೇ ಈಗ ಗಬ್ಬದ ಕಡಸು; ಗೂಡ್ಸ್ ಆಟೋಗೆ ಇಟ್ಟ ಹಲಗೆಯ ಮೇಲೆ ತಾನೇ ಹತ್ತಿ ನಿಂತಿತು. ಅವಳು ಡ್ರೈವರ್ ಪಕ್ಕ ಕೂರಲಿಲ್ಲ. ಹಿಂದೆ ಹತ್ತಿ, ಅದರ ಕೊರಳು ಬಳಸಿ ಹಿಡಿದುಕೊಂಡಳು. ಆಟೋ ನಾಲೆಯ ಕಡೆ ತಿರುಗಿತು. ಹಿಡಿದ ಕೈ ಬಿಡಬೇಕಾಗುತ್ತದೆಂದೋ ಏನೋ, ಅವಳು ನನಗೆ ಕೈ ಬೀಸಲಿಲ್ಲ.