ಮಳವಳ್ಳಿಗೆ ಹೊತ್ತೊಯ್ದ ಬೆಲ್ಲದ ಅಚ್ಚು

ಬಸ್ಸು ಕೆಟ್ಟು ನಿಲ್ಲಬಹುದಿತ್ತು. ಬ್ಯಾಗು ಅದಲುಬದಲಾಗಬಹುದಿತ್ತು. ಕಿಟಕಿಯ ಬಿಸಿಲಿಗೆ ಅಚ್ಚು ಸೊಟ್ಟಗಾಗಬಹುದಿತ್ತು. ಕೆ.ಎಂ. ದೊಡ್ಡಿಯಲ್ಲಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಮಧ್ಯಾಹ್ನವೇ ಕಳೆದುಹೋಗಬಹುದಿತ್ತು. ಮಳವಳ್ಳಿಯಲ್ಲಿ ಕರೆಂಟಿಲ್ಲದೆ ಯಂತ್ರ ಓಡದಿರಬಹುದಿತ್ತು. ಕನ್ನಡಕ ಒಡೆಯಬಹುದಿತ್ತು, ಬಿಪಿ ಮಾತ್ರೆ ಮರೆಯಬಹುದಿತ್ತು. ಮಂಡ್ಯದ ನಮ್ಮ ಮನೆಯ ಹೊಸಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಇಷ್ಟನ್ನೂ ಹೆಂಡತಿಗೆ ಒಪ್ಪಿಸಿದೆ.

"ಒಂದು ಬಿಟ್ಟಿರಿ," ಎಂದಳು. "ಭೂಕಂಪ."

ಬೆಲ್ಲ ಪ್ಯಾಕ್ ಮಾಡಿ ಮಾರುವ ಮದ್ದೂರಿನ ಒಂದು ಕಂಪನಿಯಲ್ಲಿ ನಾನು ಗುಣಮಟ್ಟ ಪರೀಕ್ಷಕ. ಬೆಲ್ಲದ ಪಾಕ ಹೊಯ್ಯುವ ಮರದ ಅಚ್ಚಿನ ಬದಲು ಪ್ಲಾಸ್ಟಿಕ್ಕಿನ ಅಚ್ಚು ಮಾಡಿಸಿ ಆಲೆಮನೆಗಳಿಗೆ ಕೊಡುವುದೆಂದು ಕಂಪನಿ ತೀರ್ಮಾನಿಸಿತ್ತು. ತಿನ್ನುವ ಪದಾರ್ಥ ತಾಗುವ ಪ್ಲಾಸ್ಟಿಕ್ಕಿಗೆ ನಿಯಮಗಳು ಬಿಗಿ. ಬಣ್ಣ ಬಿಡಬಾರದು, ವಾಸನೆ ಬರಬಾರದು, ಒಳಮೈ ಕನ್ನಡಿಯಂತಿರಬೇಕು. ಸಣ್ಣ ಗೀರಿದ್ದರೂ ಅದರಲ್ಲಿ ಬೆಲ್ಲ ಉಳಿದು ಬೂಷ್ಟು ಹಿಡಿಯುತ್ತದೆ. ಎಷ್ಟು ನುಣುಪು ಎಂಬುದನ್ನು ಬಾಯಲ್ಲಿ ಹೇಳಲಾಗದು. ಹಾಗಾಗಿ ಪ್ರಯೋಗಾಲಯದವರೂ ಕಂಪನಿಯವರೂ ಸಹಿ ಹಾಕಿದ ಒಂದು ಮಾದರಿ ಅಚ್ಚು ಇರುತ್ತದೆ. ಹೊಸಬರು ಮಾಡಿದ ಅಚ್ಚನ್ನು ಅದರ ಪಕ್ಕ ಟ್ಯೂಬ್‌ಲೈಟಿನ ಕೆಳಗೆ ಹಿಡಿಯಬೇಕು. ಎರಡರಲ್ಲೂ ದೀಪದ ಗೆರೆ ಒಂದೇ ಥರ ನೆಟ್ಟಗೆ ಕಂಡರೆ ಪಾಸು.

ಮದ್ದೂರಿನ ಆಫೀಸಿನಲ್ಲಿ ರಿಜಿಸ್ಟರಿಗೆ ಸಹಿ ಮಾಡಿ ಆ ಮಾದರಿಯನ್ನು ಈಸಿಕೊಂಡೆ. ಟಿಶ್ಯೂ ಪೇಪರಿನಲ್ಲಿ ಸುತ್ತಿ ನನ್ನ ಊಟದ ಡಬ್ಬಿಯೊಳಗಿಟ್ಟೆ. ಬಸ್‌ಸ್ಟ್ಯಾಂಡಿನಲ್ಲಿ ವಡೆಯ ವಾಸನೆ ಹೊಡೆಯುತ್ತಿತ್ತು. ಬೆರಳಿಗೆ ಎಣ್ಣೆಯಾದೀತೆಂದು ತಿನ್ನಲಿಲ್ಲ. ಹದಿನೆಂಟು ವರ್ಷದ ನೌಕರಿಯಲ್ಲಿ ಇಂಥ ತ್ಯಾಗಗಳನ್ನು ಬಹಳ ಮಾಡಿದ್ದೇನೆ, ಯಾರೂ ಗಮನಿಸಿಲ್ಲ.

ಮಳವಳ್ಳಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತದ್ದು ಚಿಕ್ಕರಸಿನಕೆರೆಗೆ ಹೊರಟಿದ್ದ ಒಬ್ಬ ಹೆಂಗಸು. ಸ್ವಲ್ಪ ದೂರ ನನ್ನನ್ನೇ ನೋಡಿ ಕೇಳಿದಳು: "ಯಾಕಣ್ಣ, ಡಬ್ಬಿ ಅಂಗ್ ತಬ್ಕಂಡಿದ್ದೀಯ? ಸಾರು ಚೆಲ್ತದಾ?"

"ಸಾರಲ್ಲ, ಬೆಲ್ಲದ ಅಚ್ಚು."

"ಬೆಲ್ಲ ಎಲ್ಲದೆ?"

"ಬೆಲ್ಲ ಇಲ್ಲ."

"ಬರೀ ಅಚ್ಚಿಗೇ ಇಷ್ಟ್ ಬೆವರ್ತಿದ್ದೀಯ. ಬೆಲ್ಲ ಇದ್ದಿದ್ರೆ ಎದೆ ಒಡ್ಕಂಡ್ ಸತ್ತೇ ಓಗ್ತಿದ್ದೆ ಬುಡು!" ಹಿಂದಿನ ಸೀಟಿನವರೂ ನಕ್ಕರು. ನಾನೂ ನಕ್ಕೆ, ಡಬ್ಬಿ ಮಾತ್ರ ಸಡಿಲಿಸಲಿಲ್ಲ.

ನಮಗೆ ಅಚ್ಚು ಮಾಡಿಕೊಡಲು ಮುಂದೆ ಬಂದಿದ್ದ ಸಾವಿತ್ರಿಯ ಶೆಡ್ಡು ಮಳವಳ್ಳಿಗೆ ಇನ್ನೂ ಒಂದೂವರೆ ಕಿಲೋಮೀಟರು ಇರುವಾಗಲೇ ರಸ್ತೆ ಪಕ್ಕದಲ್ಲಿದೆ. ಆಕೆ ಗಾರ್ಮೆಂಟ್ಸ್ ಕೆಲಸ ಬಿಟ್ಟು ಹಳೆಯ ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರವೊಂದನ್ನು ಹಾಕಿಸಿಕೊಂಡಿದ್ದಳು. ಇಲ್ಲಿಯವರೆಗೆ ಮಾಡಿದ್ದು ಬಕೆಟ್ಟಿನ ಹಿಡಿ, ಪೈಪಿನ ಮುಚ್ಚಳ. ನಮ್ಮದೇ ಮೊದಲ ದೊಡ್ಡ ಆರ್ಡರು. "ಇದೊಂದ್ ಪಾಸಾದ್ರೆ ಸಾರ್, ಬೆಳಗಿನ್ ಜಾವದ ಗಾರ್ಮೆಂಟ್ಸ್ ಬಸ್ಸಿಗೆ ಇನ್ಯಾವತ್ತೂ ಓಡಲ್ಲ," ಎಂದಳು. ಕರೆಂಟಿತ್ತು, ಯಂತ್ರ ಓಡುತ್ತಿತ್ತು. ಪ್ರಯೋಗಾಲಯದ ವರದಿ ಸರಿಯಿತ್ತು. ಬಿಸಿಯಾಗಿ ಬಿದ್ದ ಅಚ್ಚುಗಳಲ್ಲಿ ಒಂದನ್ನು ಆರಿಸಿ ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ಮಾದರಿಯನ್ನು ಬಿಚ್ಚಿಟ್ಟೆ, ಕೈ ತೊಳೆಯಲು ನಲ್ಲಿಯ ಹತ್ತಿರ ಹೋದೆ. ಶುಚಿಯಾದ ಕೈಯಲ್ಲಿ ಮುಟ್ಟಬೇಕೆಂಬುದು ನಿಯಮ.

ವಾಪಸು ಬಂದರೆ ಎರಡೂ ಅಚ್ಚುಗಳಿಗೆ ಅರಿಶಿನ, ಕುಂಕುಮ, ಮೇಲೊಂದೊಂದು ಕನಕಾಂಬರ. ಸಾವಿತ್ರಿಯ ಅತ್ತೆ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು.

"ನಮ್ ಮೊದ್ಲ್ನೇ ಅಚ್ಚು ಕಣಪ್ಪ, ಅದ್ಕೇ ಇಕ್ಕಿವ್ನಿ. ನೀನ್ ತಂದಿದ್ಕೂ ಇಕ್ಕಿವ್ನಿ. ಮನ್ಗ್ ಬಂದಿರೋದ್ನ ಅಂಗೇ ಬುಟ್ರೆ ಚೆಂದಾಗಿರ್ತದಾ?"

ಹಾರಿ ಮಾದರಿಯನ್ನು ಕೈಗೆತ್ತಿಕೊಂಡೆ. "ತಡೀರಿ ಸಾರ್, ನೀರ್ ಬುಟ್ರೆ ಓಯ್ತದೆ," ಎಂದು ಸಾವಿತ್ರಿ ಚೊಂಬು ತರಲು ಓಡಿದಳು. ತಡೆಯುವುದು ನನ್ನ ಜಾಯಮಾನವಲ್ಲ. ಕರ್ಚೀಫು ತೆಗೆದು ಮಾದರಿಯನ್ನು ಗಸಗಸ ಉಜ್ಜಿದೆ. ಕುಂಕುಮ ಹೋಯಿತು.

ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಸಾವಿತ್ರಿ ನೀರು ಬಿಟ್ಟು ತೊಳೆದ ಅವಳ ಅಚ್ಚಿನಲ್ಲಿ ದೀಪದ ಗೆರೆ ನೂಲು ಹಿಡಿದಂತೆ ನೆಟ್ಟಗಿತ್ತು. ಮಾದರಿಯಲ್ಲಿ ಆ ಗೆರೆ ಒಂದು ಕಡೆ ತುಂಡಾಗಿತ್ತು. ಕುಂಕುಮದ ಯಾವುದೋ ಒರಟು ಕಾಳು ನನ್ನ ಕರ್ಚೀಫಿನ ಕೆಳಗೆ ಸಿಕ್ಕಿ ಗೀರೆಳೆದಿತ್ತು.

"ಪಾಸಾ ಸಾರ್?"

"ನಿಮ್ಮದು ಮಾದರಿಗಿಂತ ಚೆನ್ನಾಗಿದೆ."

"ಅಂಗಾರೆ ಪಾಸು!"

"ಮಾದರಿಗಿಂತ ಚೆನ್ನಾಗಿದ್ದರೆ ಪಾಸು ಅಂತ ನಿಯಮದಲ್ಲಿಲ್ಲಮ್ಮ. ಮಾದರಿ ಥರ ಇರಬೇಕು."

ಅತ್ತೆ ಎರಡನ್ನೂ ದಿಟ್ಟಿಸಿ, "ಅಂದ್ರೆ ಇವ್ಳೂ ಒಂದ್ ಗೀರು ಆಕ್ಬೇಕಾ?" ಎಂದರು.

ಮ್ಯಾನೇಜರಿಗೆ ಫೋನು ಮಾಡಿದೆ. ಗೀರು ಬಿದ್ದದ್ದು ನನ್ನಿಂದ, ಇವರ ಅಚ್ಚು ಸರಿಯಾಗಿದೆ ಎಂದು ಮೂರು ಥರ ಹೇಳಿದೆ. "ಮಾದರಿ ಕೆಟ್ಟ ಮೇಲೆ ಯಾವುದಕ್ಕೆ ಹೋಲಿಸಿ ಸಹಿ ಹಾಕ್ತೀರಿ? ನಾಳೆ ತಪಾಸಣೆಯವರು ಕೇಳಿದರೆ ಏನು ತೋರಿಸ್ತೀರಿ?" ಎಂದರು. ಹೊಸ ಮಾದರಿ ಪರೀಕ್ಷೆಗೆ ಹೋಗಿ ಬರಲು ವಾರಗಟ್ಟಲೆ ಬೇಕು, ಆಲೆಮನೆಗಳು ಕಾಯುವುದಿಲ್ಲ. ಮಂಡ್ಯದ ಇನ್ನೊಂದು ಘಟಕ ಮೊದಲೇ ಪಾಸಾಗಿತ್ತು. ಈ ಸಲದ ಆರ್ಡರು ಪೂರ್ತಿ ಅವರಿಗೇ ಎಂದು ಫೋನಿಟ್ಟರು. ಅವರು ಹೇಳಿದ್ದು ತಪ್ಪೆನ್ನಲೂ ಆಗಲಿಲ್ಲ. ಅವರ ಜಾಗದಲ್ಲಿದ್ದಿದ್ದರೆ ನಾನು ಇನ್ನೂ ಹೆದರುತ್ತಿದ್ದೆ.

ಸಾವಿತ್ರಿ ಯಂತ್ರದ ಹೀಟರು ಆರಿಸಿದಳು. ಆಮೇಲೆ, "ಸೋಮವಾರದಿಂದ ಗಾರ್ಮೆಂಟ್ಸ್ ಬಸ್ಸು ಅತ್ತೋದೇಯ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

"ನನ್ ಕೈಗಿಷ್ಟು ಬೆಂಕಿ ಆಕ," ಎಂದರು ಅತ್ತೆ.

"ಇಲ್ಲ ಅವ್ವ, ಉಜ್ಜಿದವನು ನಾನು. ನೀರು ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ."

"ನಾನ್ ಇಕ್ದೆ ಇದ್ರೆ ನೀನ್ಯಾಕ್ ಉಜ್ತಿದ್ದೆ? ಬುಡಪ್ಪ, ಉಣ್ಣೇಳು."

ಬೇಡವೆಂದರೂ ಬಿಡದೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ತಲೆಯೆತ್ತದೆ ಉಂಡು ಕೈ ತೊಳೆದೆ. ಮದ್ದೂರಿನ ಬಸ್ಸು ಶೆಡ್ಡಿನ ಮುಂದೆಯೇ ನಿಂತಿತು. ಹತ್ತಿ ಕೂತು ಹಿಂದಿರುಗಿ ನೋಡಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನನಗೆ ಬೀಸಲೆಂದು ಕೈ ಎತ್ತಿದವರು, ಏನು ಅನ್ನಿಸಿತೋ, ಅರ್ಧಕ್ಕೇ ಇಳಿಸಿ ಸೆರಗಿನೊಳಗೆ ಬಚ್ಚಿಟ್ಟುಕೊಂಡರು. ಬೆಳಿಗ್ಗೆ ಹೊಸಿಲಲ್ಲಿ ಎಣಿಸಿದ್ದರಲ್ಲಿ ಒಂದೂ ನಡೆಯಲಿಲ್ಲ; ಆ ದಿನ ಕೆಟ್ಟದ್ದೆಂದರೆ, ರೆಪ್ಪೆಗೂದಲಿನಷ್ಟುದ್ದದ ಒಂದು ಗೀರು.